ನಾಲ್ಕನೇ ಕಲಮಿನ ಕ್ರಿಯಾಪದ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ದೇಶದೇಶಗಳ ಸಂಧಾನದ ವಿಷಯವನ್ನು ರಾಯಭಾರಿಗಳು ಹೇಳಿದರೆ ಚೆಂದ, ಯಂತ್ರದ ವಿಷಯವನ್ನು ಅದನ್ನು ಕಟ್ಟಿದವರು ಹೇಳಬೇಕು. ಆದರೆ ಅವರೆಲ್ಲ ತಮ್ಮ ತಮ್ಮ ಪದಕ ತೆಗೆದುಕೊಂಡು ಬಾಯಿ ಮುಚ್ಚಿಕೊಂಡಿದ್ದಾರೆ. ಬೇರೆ ಯಾರೂ ಹೇಳುವ ಹಾಗೆ ಕಾಣುವುದಿಲ್ಲವೆಂದು ಇಲ್ಲಿ ಹೇಳಿದೆ. ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು.

ಮೆರುವಾ ಎಂಬುದೊಂದು ಸಣ್ಣ ದೇಶ. ಅಲ್ಲಿನವರು ಎರಡು ಪಾಳಯವಾಗಿ ಒಂಬತ್ತು ವರ್ಷದಿಂದ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಅವರ ಪಾಡಿಗೆ ಬಿಟ್ಟಿದ್ದರೆ ಎರಡನೇ ವರ್ಷಕ್ಕೇ ಮದ್ದುಗುಂಡು ಮುಗಿದು ಸುಸ್ತಾಗಿ ಕೂರುತ್ತಿದ್ದರೇನೋ. ಆದರೆ ಒಂದು ಪಾಳಯದ ಬೆನ್ನಿಗೆ ಉತ್ತರ ಗಣರಾಜ್ಯ ನಿಂತಿತು, ಇನ್ನೊಂದರ ಬೆನ್ನಿಗೆ ದ್ವೀಪ ಒಕ್ಕೂಟ. ಉತ್ತರದವರು ಅಲ್ಲಿಗೆ ಕಳಿಸಿದ ಸೇನೆಗೆ ‘ರಸ್ತೆ ದುರಸ್ತಿ ದಳ’ ಎಂದು ಹೆಸರಿಟ್ಟಿದ್ದರು. ಎಂಬತ್ತು ಟ್ಯಾಂಕು ಇಟ್ಟುಕೊಂಡು ರಿಪೇರಿ ಮಾಡುವ ರಸ್ತೆ ಅದೆಂಥದೋ. ದ್ವೀಪದವರು ತಮ್ಮವರನ್ನು ‘ಆರೋಗ್ಯ ಸಲಹೆಗಾರರು’ ಎನ್ನುತ್ತಿದ್ದರು. ಅವರ ಸಲಹೆ ಪಡೆದವರಲ್ಲಿ ಬದುಕಿ ಉಳಿದವರು ಕಡಿಮೆ.

ಇಬ್ಬರನ್ನೂ ಅಲ್ಲಿಂದ ಹೊರಡಿಸಲು ಹನ್ನೊಂದು ಸಲ ಸಂಧಾನ ನಡೆಯಿತು. ಹನ್ನೊಂದು ಸಲವೂ ಊಟ ಮುಗಿದ ಮೇಲೆ ಮುರಿದುಬಿತ್ತು. ಪ್ರತಿ ಸಲವೂ ತಪ್ಪು ಅನುವಾದದ್ದು. ನಾವು ಹಾಗೆ ಹೇಳಿರಲೇ ಇಲ್ಲ, ಅವರ ದುಭಾಷಿ ತಿರುಚಿದ ಎಂದು ಒಬ್ಬರು. ಅವರ ಯಂತ್ರವೇ ಸುಳ್ಳು ಎಂದು ಇನ್ನೊಬ್ಬರು. ಲೋಕದ ದೊಡ್ಡ ಭಾಷೆಗಳ ಅನುವಾದ ಯಂತ್ರಗಳೆಲ್ಲ ಇಬ್ಬರಲ್ಲಿ ಒಬ್ಬರ ಕಂಪನಿಗೆ ಸೇರಿದ್ದವು, ಹಾಗಾಗಿ ಯಾವುದನ್ನೂ ಒಪ್ಪುವ ಹಾಗಿರಲಿಲ್ಲ. ಕೊನೆಗೆ, ಇಬ್ಬರಿಗೂ ಬಾರದ, ಅದನ್ನಾಡುವವರು ಇಬ್ಬರ ಮೇಲೂ ಎಂದೂ ಯುದ್ಧ ಸಾರಿರದ ಒಂದು ಭಾಷೆಯನ್ನು ಮಧ್ಯೆ ಇಡಬೇಕೆಂದು ತೀರ್ಮಾನವಾಯಿತು. ಪಟ್ಟಿ ನೋಡಿ ಕನ್ನಡವನ್ನು ಆರಿಸಿದರು. ಪತ್ರಿಕೆಗಳು ಕನ್ನಡಕ್ಕೆ ಸಂದ ಜಾಗತಿಕ ಗೌರವ ಎಂದು ಬರೆದವು. ಆರಿಸಿದವರ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಪದ: ‘ನಿರುಪದ್ರವಿ’.

ಚಳ್ಳಕೆರೆಯ ಆಚೆ ಹುಲ್ಲುಗಾವಲಿನಲ್ಲಿ ಸಂಧಾನ ಭವನ ಎದ್ದಿತು. ಅಲ್ಲಿ ಕೂರಿಸಿದ ಯಂತ್ರಕ್ಕೆ ಎಂಜಿನಿಯರುಗಳು ‘ನಡುಗನ್ನಡ’ ಎಂದು ಹೆಸರಿಟ್ಟರು. ಭಾಷೆಯ ಚರಿತ್ರೆ ಓದಿದವರಿಗೆ ಸಿಟ್ಟು ಬಂತು, ಆದರೆ ಹೆಸರು ನಿಂತುಬಿಟ್ಟಿತು. ಅದರ ಕೆಲಸ ಇಷ್ಟೇ: ಉತ್ತರದವರು ಆಡಿದ ಮಾತು ಮೊದಲು ಕನ್ನಡವಾಗುತ್ತದೆ, ಆ ಕನ್ನಡ ದ್ವೀಪದ ಭಾಷೆಯಾಗುತ್ತದೆ, ಆ ಕಡೆಯಿಂದಲೂ ಹಾಗೆಯೇ. ಮಧ್ಯದ ಕನ್ನಡವೇ ಒಪ್ಪಂದದ ಮೂಲಪಾಠ, ಉಳಿದೆರಡು ಅದರ ನೆರಳು. ಆ ಕನ್ನಡವನ್ನು ಒಬ್ಬ ಮನುಷ್ಯ ಓದಿ, ಸರಿಯಿದ್ದರೆ ಹಸಿರು ಗುಂಡಿ ಒತ್ತಬೇಕು. ಆ ಹುದ್ದೆಗೆ ‘ಪಾಠಕ’ ಎಂದು ಹೆಸರು. ರಾಜಕೀಯ ಗೊತ್ತಿಲ್ಲದ, ಕಾಗುಣಿತ ಗೊತ್ತಿರುವವರು ಬೇಕೆಂದು ಜಾಹೀರಾತು ಕೊಟ್ಟರು. ದಾಕ್ಷಾಯಣಿ ಆಯ್ಕೆಯಾದದ್ದು ಹಾಗೆ.

ದಾಕ್ಷಾಯಣಿ ಚಿತ್ರದುರ್ಗದ ಒಂದು ಛಾಪಖಾನೆಯಲ್ಲಿ ಹದಿನೇಳು ವರ್ಷ ಕರಡು ತಿದ್ದಿದವಳು. ಮದುವೆಯಾದ ಮೇಲೆ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಬೀದಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವಳಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಮೂರು ದಿನ ಬೇಕು, ಅಷ್ಟರಲ್ಲಿ ಬೋರ್ಡೇ ಬದಲಾಗಿರುತ್ತಿತ್ತು. ಗಂಡ ಓಂಕಾರಪ್ಪ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರು. ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದವಳು ಇಲೇನ್, ಮೆರುವಾದ ಹುಡುಗಿ. ಫಾರ್ಮಸಿ ಓದಲು ಬಂದವಳು, ಯುದ್ಧದಿಂದ ವಾಪಸು ಹೋಗಲಾರದೆ ನಾಲ್ಕು ವರ್ಷದಿಂದ ಇಲ್ಲೇ ಉಳಿದಿದ್ದಳು. ಅವಳ ತಾಯಿ ತೊರಾಲ್ ಎಂಬ ಊರಿನಲ್ಲಿ ಬ್ರೆಡ್ಡು ಸುಟ್ಟು ಮಾರುತ್ತಿದ್ದಳು. ತೊರಾಲಿನ ಒಂದು ಕಡೆಯ ಗುಡ್ಡದ ಮೇಲೆ ರಸ್ತೆ ರಿಪೇರಿಯವರು, ಇನ್ನೊಂದು ಕಡೆ ಆರೋಗ್ಯ ಸಲಹೆಯವರು. ಫೋನು ಸಿಕ್ಕಿದ ದಿನ ಇಲೇನ್ ಮೆಟ್ಟಿಲಿಳಿದು ಬಂದು, ಅಮ್ಮ ಇದ್ದಾಳೆ ಆಂಟಿ, ಎಂದಷ್ಟೇ ಹೇಳಿ ಹೋಗುತ್ತಿದ್ದಳು.

ಯಂತ್ರದ ಉಸ್ತುವಾರಿ ಹಿರಿಯೂರಿನ ಸಮೀವುಲ್ಲಾನದು. ಮೊದಲು ಅದಕ್ಕೆ ಸರ್ಕಾರದ ಸುತ್ತೋಲೆಗಳನ್ನು ಓದಿಸಿ ಕನ್ನಡ ಕಲಿಸಿದ್ದರಂತೆ. ಆಗ ಯಾವ ಪ್ರಶ್ನೆ ಕೇಳಿದರೂ ‘ಪರಿಶೀಲಿಸಲಾಗುವುದು’ ಎನ್ನುತ್ತಿತ್ತು. ಯಾರು, ಯಾವಾಗ ಪರಿಶೀಲಿಸುತ್ತಾರೆ ಎಂದು ಹೇಳುವ ಚಟವೇ ಅದಕ್ಕಿರಲಿಲ್ಲ. ಎರಡೂ ನಿಯೋಗದವರಿಗೆ ಆ ಕನ್ನಡ ಬಹಳ ಹಿಡಿಸಿತ್ತು. ಸಮೀವುಲ್ಲಾ ಹಟ ಹಿಡಿದು ಅದನ್ನೆಲ್ಲ ಅಳಿಸಿ, ಚಳ್ಳಕೆರೆ ಸುತ್ತಲಿನ ಮನೆ, ಸಂತೆ, ಬಸ್ ನಿಲ್ದಾಣ, ಆಸ್ಪತ್ರೆಗಳಲ್ಲಿ ಜನ ಆಡುವ ಮಾತನ್ನು ನಲವತ್ತು ಸಾವಿರ ಗಂಟೆ ರೆಕಾರ್ಡು ಮಾಡಿಸಿ ಅದಕ್ಕೆ ಕೇಳಿಸಿದ. ಯಂತ್ರಕ್ಕೆ ಬಾಯಿ ಬಂತು. ಜೊತೆಗೆ ಜನರ ಮರ್ಯಾದೆಯೂ ಬಂತು.

ಮರ್ಯಾದೆಗೆ ಒಂದರಿಂದ ಒಂಬತ್ತರವರೆಗೆ ಮಟ್ಟವಿತ್ತು. ಒಂದು ಎಂದರೆ ಜಗಳದ ಕನ್ನಡ, ಒಂಬತ್ತು ಎಂದರೆ ಬೀಗರ ಮನೆಯ ಕನ್ನಡ. ತಮ್ಮ ಘನತೆಗೆ ಒಂಬತ್ತಕ್ಕಿಂತ ಕಡಿಮೆ ಆಗಕೂಡದೆಂದು ಎರಡೂ ನಿಯೋಗಗಳು ಬರೆಸಿಕೊಂಡಿದ್ದವು. ಹಾಗಾಗಿ ಮೊದಲ ವಾರ, ಉತ್ತರದವರು ಶಾಲೆಯ ಮೇಲೆ ಗುಂಡು ಹಾರಿಸಿದರು ಎಂಬ ದೂರು ಪರದೆಯ ಮೇಲೆ ‘ಉತ್ತರದವರು ಶಾಲೆಗೆ ಗುಂಡು ದಯಪಾಲಿಸಿದರು’ ಎಂದು ಮೂಡಿತು. ದಾಕ್ಷಾಯಣಿ ಅದನ್ನು ತಿದ್ದಿದಳು. ತಿದ್ದಿದ್ದು ಸರಿಯೋ ತಪ್ಪೋ ಎಂದು ಎರಡು ದಿನ ಊಟ ಸೇರಲಿಲ್ಲ.

ಆರು ವಾರ ಮಾತು ನಡೆಯಿತು. ಉತ್ತರದ ನಿಯೋಗದ ಮುಖ್ಯಸ್ಥ ಜನರಲ್ ವೊರ್ದಾಕ್ ಎಂಬ ದಢೂತಿ ಮನುಷ್ಯ. ಸತ್ತವರ ಅಂಕಿ ಓದುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ದುಃಖದಿಂದಲ್ಲ, ನಿದ್ದೆಯಿಂದ. ದ್ವೀಪದ ಕಡೆಯಿಂದ ಬಂದವಳು ಸೆಲ್ಮೋರ್ ಎಂಬ ಮಂತ್ರಿ. ಅವಳು ಎಂದೂ ನಿದ್ದೆ ಮಾಡುತ್ತಿರಲಿಲ್ಲ, ಏಕೆಂದರೆ ಕ್ಯಾಮೆರಾ ಎಲ್ಲಿದೆ ಎಂದು ನೋಡುವುದೇ ಅವಳಿಗೆ ಇಡೀ ದಿನದ ಕೆಲಸ. ಇಬ್ಬರ ನಡುವೆ ನಗುತ್ತ ಕೂತವರು ಸಂಧಾನಕಾರ ದೇಶಿಕಾಚಾರ್, ನಿವೃತ್ತ ರಾಯಭಾರಿ. ಶಾಂತಿ ಪದಕಕ್ಕೆ ಎರಡು ಸಲ ಹೆಸರು ಹೋಗಿ ಎರಡು ಸಲವೂ ಕೈತಪ್ಪಿದ್ದರಿಂದ ಅವರ ನಗು ಸ್ವಲ್ಪ ಗಟ್ಟಿಯಾಗಿತ್ತು.

ಒಪ್ಪಂದದಲ್ಲಿ ಇಪ್ಪತ್ತಾರು ಕಲಮು. ಇಪ್ಪತ್ತೈದು ಕಲಮು ಬರೀ ಅಲಂಕಾರ. ತಿರುಳಿದ್ದದ್ದು ನಾಲ್ಕನೆಯದರಲ್ಲಿ. ಅದು ಹೀಗಿತ್ತು: ‘ಉಭಯ ರಾಷ್ಟ್ರಗಳ ಸಿಬ್ಬಂದಿಯವರು ಅರವತ್ತು ದಿನಗಳೊಳಗೆ ಮೆರುವಾ ದೇಶದಿಂದ ಹೋಗಿ ಬರುತ್ತಾರೆ.’ ದಾಕ್ಷಾಯಣಿ ಅದನ್ನು ನಲವತ್ತು ಸಲವಾದರೂ ಓದಿದ್ದಳು. ಅಲ್ಪವಿರಾಮ ಬೇಕೆ ಎಂದು ಯೋಚಿಸಿದ್ದಳು. ‘ಉಭಯ’ದ ಬದಲು ‘ಎರಡೂ’ ಇರಲಿ ಎಂದು ತಿದ್ದಲು ಹೋಗಿ ಸುಮ್ಮನಾಗಿದ್ದಳು. ಆಮೇಲೆ ಹಸಿರು ಗುಂಡಿ ಒತ್ತಿದ್ದಳು.

ಸಹಿಗೆ ಇನ್ನು ಮೂರು ದಿನ. ಭಾನುವಾರ ಬೆಳಿಗ್ಗೆ ಅವಳು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಇಲೇನ್ ಕೆಳಗೆ ಬಂದಳು. ಉತ್ತರದವರು ಒಪ್ಪಂದದ ಕರಡನ್ನು ತಮ್ಮ ಭಾಷೆಯಿಂದ ಮೆರುವಾ ಭಾಷೆಗೆ ಇಳಿಸಿ ರೇಡಿಯೋದಲ್ಲಿ ಓದಿಸಿದ್ದರು. ನಾಲ್ಕನೇ ಕಲಮು ಓದುವಾಗ ಓದುವವನು ನಕ್ಕನಂತೆ.

“ಆಂಟಿ, ಅವ್ರು ಹೋಗ್ತಾರೆ, ಮತ್ತೆ ವಾಪಸ್ ಬರ್ತಾರೆ ಅಂತಿದೆ. ನೀವೂ ಹಂಗೇ ಬರ್ದಿದ್ದೀರಾ?”

ಹೌದಲ್ಲ, ಹೋಗಿ ಬರ್ತಾರೆ ಅಂತಲೇ ಇದೆ, ಮತ್ತೆ ಹೇಗೆ ಬರೆಯೋದು, ಎಂದಳು ದಾಕ್ಷಾಯಣಿ. ಹೇಳಿದ ಮೇಲೆ ಈಳಿಗೆಮಣೆಯ ಮೇಲೆ ಅವಳ ಕೈ ನಿಂತಿತು.

ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನಬಾರದು. ಹಾಗೆಂದರೆ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡು ಬಿಡ್ತು ಅನ್ನು ಎನ್ನುತ್ತಾರೆ. ಹೋದರು ಎನ್ನುವುದು ಸತ್ತವರಿಗೆ. ನಲವತ್ತು ಸಾವಿರ ಗಂಟೆಯ ಮಾತಿನಲ್ಲಿ ಮರ್ಯಾದಸ್ಥರು ಯಾರೂ ಬರೀ ಹೋಗಿರಲಿಲ್ಲ. ಎಲ್ಲರೂ ಹೋಗಿ ಬರುವವರೇ. ಯಂತ್ರ ಅದನ್ನೇ ಕಲಿತಿತ್ತು, ಒಂಬತ್ತನೇ ಮಟ್ಟದಲ್ಲಿ ಅದನ್ನೇ ಬರೆದಿತ್ತು. ಓದಿದವಳೂ ಅದೇ ನೀರು ಕುಡಿದವಳು. ಕಣ್ಣಿಗೆ ಬಿದ್ದರೂ ಕಿವಿಗೆ ಚುಚ್ಚಿರಲಿಲ್ಲ. ಪರದೇಶದ ಭಾಷೆಗಳಿಗೆ ಹೋಗುವಾಗ ಮಾತ್ರ ಮರ್ಯಾದೆ ಸೋರಿಹೋಗಿ ಅರ್ಥವಷ್ಟೇ ಉಳಿದಿತ್ತು: ಹೋಗುತ್ತಾರೆ, ಬರುತ್ತಾರೆ.

ಒಲೆ ಆರಿಸಿ ಅವಳು ನೇರ ದೇಶಿಕಾಚಾರ್ಯರ ಬಂಗಲೆಗೆ ಆಟೋ ಹಿಡಿದಳು. ತಪ್ಪೊಪ್ಪಿಕೊಂಡು, ಕೆಲಸ ಬಿಡಲೂ ಸಿದ್ಧ ಎಂದಳು. ಅವರು ಅವಳನ್ನು ಕೂರಿಸಿ ಕಾಫಿ ತರಿಸಿದರು. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಜನರಲ್ಲು ಮೊದಲ ದಿನವೇ ಅದನ್ನು ಗಮನಿಸಿ, ಸದ್ದಿಲ್ಲದೆ ತಮ್ಮ ಹತ್ತಿರ ಬಂದು, ಆ ವಾಕ್ಯ ಮುಟ್ಟಬೇಡಿ ಎಂದಿದ್ದನಂತೆ. ಅದೇ ಸಂಜೆ ಮಂತ್ರಿಯೂ ಬಂದು ಅದನ್ನೇ ಹೇಳಿದ್ದಳಂತೆ. ತನಗೆ ಮಾತ್ರ ಇದು ಗೊತ್ತು, ಎದುರಿನವರು ಮಂಕು ಎಂದು ಇಬ್ಬರೂ ತಿಳಿದಿದ್ದರು. ಆರು ವಾರ ಇಬ್ಬರೂ ಅಷ್ಟು ಸಲೀಸಾಗಿ ನಡೆದುಕೊಂಡದ್ದು ಆ ಒಂದು ತಪ್ಪಿನ ಮೇಲೆ.

“ನೋಡಮ್ಮ, ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿರೋದು ಇದೊಂದೇ ಪದ. ನೀವು ಅದನ್ನು ತೆಗೆದರೆ ನನ್ನ ಹತ್ತಿರ ಏನಿದೆ? ಬುಧವಾರ ಸಹಿ, ಗುರುವಾರ ಲಾರಿಗಳು ಹೊರಡುತ್ತವೆ. ಆಮೇಲೆ ಬಂದರೆ ಬರಲಿ, ಆಗ ಇನ್ನೊಂದು ಸಂಧಾನ ಮಾಡೋಣ,” ಎಂದರು ದೇಶಿಕಾಚಾರ್. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ಇನ್ನೊಂದು ಸಂಧಾನ ಎಂದಾಗ ಕಣ್ಣು ಸ್ವಲ್ಪ ಮಿನುಗಿತು.

ದಾಕ್ಷಾಯಣಿ ಮನೆಗೆ ಬಂದು ಗಂಡನಿಗೆ ಹೇಳಿದಳು. ಓಂಕಾರಪ್ಪ, ನೆಂಟರ ಮದುವೆಯಲ್ಲಿ ಸಾರಿಗೆ ಉಪ್ಪಿಲ್ಲ ಅನ್ನೋಕೂ ಹೆದರೋಳು ನೀನು, ಜನರಲ್ಲನ್ನ ತಿದ್ದೋಕೆ ಹೊರಟಿದ್ದೀಯಾ, ಎಂದು ಹಾಸ್ಯ ಮಾಡಿದ. ಅವಳು ನಗಲಿಲ್ಲ. ಅವನೂ ಗಂಭೀರನಾಗಿ, ಗುರುವಾರ ಲಾರಿ ಹೊರಡೋದು ನಿಜ ಆದ್ರೆ ಹೊರಡಲಿ ಬಿಡೇ, ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಅವಳಿಗೆ ಕಷ್ಟವಾದದ್ದು ಅದೇ. ತಿದ್ದಿದರೆ ಒಪ್ಪಂದ ಮುರಿಯಬಹುದು, ತೊರಾಲಿನ ಎರಡೂ ಗುಡ್ಡಗಳಿಂದ ಮತ್ತೆ ಗುಂಡು ಬೀಳಬಹುದು. ತಿದ್ದದಿದ್ದರೆ ಹೋದವರು ಹಕ್ಕಿನಿಂದ ವಾಪಸು ಬರುತ್ತಾರೆ, ಅವಳೇ ಗುಂಡಿ ಒತ್ತಿ ಕೊಟ್ಟ ಹಕ್ಕು.

ಮಹಡಿ ಹತ್ತಿ ಇಲೇನಳನ್ನೇ ಕೇಳಿದಳು. ನಿಮ್ಮಮ್ಮನಿಗೆ ಯಾವುದು ಬೇಕು ಹೇಳು, ನನಗೆ ತಿಳಿಯುತ್ತಿಲ್ಲ ಎಂದಳು. ಇಲೇನ್ ತನ್ನ ಪುಸ್ತಕದ ಅಂಚು ಮಡಿಸಿದಳು.

“ಆರು ವರ್ಷದ ಹಿಂದೆ, ನಾನು ಅಲ್ಲಿದ್ದಾಗ, ಒಂದ್ಸಲ ಹೋಗಿದ್ರು ಆಂಟಿ. ಎರಡು ತಿಂಗಳು. ನಾವೆಲ್ಲ ಹೋದ್ರು ಅಂತ ಅಂಗಡಿ ಬಾಗಿಲು ತೆಗೆದ್ವಿ, ಹಾಡು ಹಾಕಿದ್ವಿ. ವಾಪಸ್ ಬಂದಾಗ ಯಾರ್ಯಾರು ಹಾಡು ಹಾಕಿದ್ರು ಅಂತ ಹೆಸರು ಬರ್ಕೊಂಡೇ ಬಂದಿದ್ರು. ನಮ್ಮಣ್ಣನ ಹೆಸರೂ ಇತ್ತು. ಹೋಗದೇ ಇರೋರಿಗಿಂತ ಹೋಗಿ ಬರೋರೇ ಕೆಟ್ಟೋರು.”

ಅವಳಿಗೆ ಅಣ್ಣನಿದ್ದ ಎಂಬುದೇ ದಾಕ್ಷಾಯಣಿಗೆ ಆವರೆಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಅವಳು ಸಮೀವುಲ್ಲಾನಿಗೆ ವಿಷಯ ತಿಳಿಸಿದಳು. ಅವನು ಹಣೆ ಚಚ್ಚಿಕೊಂಡ, ಆಮೇಲೆ ನಗಲು ಶುರುಮಾಡಿದ, ಆಮೇಲೆ ಬಾಗಿಲು ಹಾಕಿ ಬಂದ. ಇಬ್ಬರೂ ಪರೀಕ್ಷೆಯ ಪರದೆಯ ಮುಂದೆ ಕೂತರು. ‘ಹೋಗುತ್ತಾರೆ’ ಎಂದು ಬರೆದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ‘ಹೋಗಿ ಬರುತ್ತಾರೆ’ ಎಂದು ತಾನೇ ತಿದ್ದುತ್ತಿತ್ತು. ಮರ್ಯಾದೆಯ ಮಟ್ಟ ಇಳಿಸೋಣವೆಂದರೆ ಎರಡೂ ನಿಯೋಗಗಳ ಒಪ್ಪಿಗೆ ಬೇಕು. ‘ತೆರಳುತ್ತಾರೆ’ ಎಂದರೆ ಆ ಕಡೆ ಪ್ರವಾಸಕ್ಕೆ ಹೊರಟಂತೆ ಬಂತು. ‘ನಿರ್ಗಮಿಸುತ್ತಾರೆ’ ಎಂಬುದಕ್ಕೆ ಯಂತ್ರ ಕೊಟ್ಟ ಅರ್ಥ, ನಾಟಕದಲ್ಲಿ ಪಾತ್ರ ಪರದೆಯ ಹಿಂದಕ್ಕೆ ಹೋಗುವುದು. ‘ಹಿಂದೆ ಸರಿಯುತ್ತಾರೆ’ ಎಂಬುದನ್ನು ಏಳನೇ ಸಂಧಾನದಲ್ಲಿ, ಅದು ಮುರಿಯುವ ಮೊದಲೇ, ಬಳಸಿ ಆಗಿತ್ತು. ಉತ್ತರದವರು ಮಾತಿಗೆ ತಪ್ಪದೆ ಇನ್ನೂರು ಗಜ ಹಿಂದೆ ಸರಿದು ಅಲ್ಲೇ ಡೇರೆ ಹಾಕಿದ್ದರು.

ಮಧ್ಯಾಹ್ನದ ಹೊತ್ತಿಗೆ ದಾಕ್ಷಾಯಣಿ ಹೆದರುತ್ತ ಇನ್ನೊಂದು ಪದ ಹೇಳಿದಳು. ಸಮೀವುಲ್ಲಾ ಅವಳ ಮುಖ ನೋಡಿದ. ನೀವಾ ಅಕ್ಕಾ ಈ ಮಾತು ಹೇಳ್ತಿರೋದು, ಎಂದ. ಆ ಪದ ಬರೆದು ಗುಂಡಿ ಒತ್ತಿದ.

ಯಂತ್ರ ಅದನ್ನು ತಿದ್ದಲಿಲ್ಲ. ತಿದ್ದಲು ಅದಕ್ಕೆ ಏನೂ ಸಿಗಲಿಲ್ಲ. ಕೇಳಿದ ಅಷ್ಟೂ ಮಾತಿನಲ್ಲಿ ಆ ಪದಕ್ಕೆ ಒಬ್ಬರೂ ‘ಬರುತ್ತೇನೆ’ ಎಂದು ಬಾಲ ಸೇರಿಸಿರಲಿಲ್ಲ, ಅದಕ್ಕೆ ಮರ್ಯಾದೆಯ ರೂಪವೇ ಇರಲಿಲ್ಲ. ಪರದೇಶದ ಭಾಷೆಗಳಲ್ಲಿ ಸರಿಸಾಟಿ ಪದ ಸಿಗದೆ ಯಂತ್ರ ಬಿಡಿಸಿ ಬರೆಯಿತು: ‘ಉಳಿದವರು ಬಾಗಿಲು ತೊಳೆಯುವ ಹಾಗೆ, ಇನ್ನೆಂದೂ ಈ ಕಡೆ ಮುಖ ಹಾಕದ ಹಾಗೆ ಹೊರಟುಹೋಗುವರು.’ ಸಮೀವುಲ್ಲಾ ಎರಡು ಸಲ ಓದಿ, ಇದಕ್ಕಿಂತ ಚೆನ್ನಾಗಿ ಯಾವ ವಕೀಲನೂ ಬರೆಯಲಾರ ಎಂದ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸಭೆ ತುಂಬಿತು. ಮೂರು ದೇಶಗಳಿಗೆ ನೇರ ಪ್ರಸಾರ. ನಿಯಮ ಹೀಗಿತ್ತು: ಪಾಠಕರು ಮೂಲಪಾಠವನ್ನು ಗಟ್ಟಿಯಾಗಿ ಓದಬೇಕು. ಓದುವಾಗ ತಪ್ಪು ಕಂಡರೆ ತಿದ್ದಿ ಓದಬಹುದು. ತಿದ್ದುಪಡಿಗೆ ಆಕ್ಷೇಪ ಇರುವವರು ಎದ್ದು ನಿಂತು ಕಾರಣ ಹೇಳಬೇಕು, ಕಾರಣ ದಾಖಲಾಗಬೇಕು. ಹನ್ನೊಂದು ಸಲ ಅನುವಾದದ ಮೇಲೆ ತಪ್ಪು ಹೊರಿಸಿ ಎದ್ದುಹೋಗಿದ್ದಕ್ಕೆ ಇಬ್ಬರೂ ಸೇರಿ ಮಾಡಿಸಿದ ನಿಯಮ ಅದು.

ದಾಕ್ಷಾಯಣಿ ಎದ್ದು ನಿಂತಳು. ಮೊದಲ ಮೂರು ಕಲಮು ಹೇಗೋ ಓದಿದಳು. ನಾಲ್ಕನೆಯದಕ್ಕೆ ಬಂದಾಗ ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡಳು.

“ಎರಡೂ ರಾಷ್ಟ್ರಗಳ ಸಿಬ್ಬಂದಿಯವರು ಅರವತ್ತು ದಿನಗಳೊಳಗೆ ಮೆರುವಾ ದೇಶದಿಂದ ತೊಲಗುತ್ತಾರೆ.”

ಮೊದಲು ನಕ್ಕವರು ಬಾಗಿಲ ಬಳಿ ನಿಂತಿದ್ದ ಚಳ್ಳಕೆರೆಯ ಪೊಲೀಸರು. ಆಮೇಲೆ ಅನುವಾದ ಇಬ್ಬರ ಕಿವಿಗೂ ತಲುಪಿತು. ಜನರಲ್ ವೊರ್ದಾಕ್ ಆರು ವಾರದಲ್ಲಿ ಮೊದಲ ಸಲ ಪೂರ್ತಿ ಎಚ್ಚರವಾದ. ಎದ್ದು ನಿಂತು, ಕರಡಿನಲ್ಲಿ ಇದ್ದ ಪದವೇ ಬೇರೆ, ಇದು ಯಾಕೆ ಬದಲಾಯಿತು ಎಂದು ಕೇಳಿದ. ಮಂತ್ರಿ ಸೆಲ್ಮೋರಳೂ ಅರ್ಧ ಎದ್ದಿದ್ದಳು. ದೇಶಿಕಾಚಾರ್ ನಗುತ್ತಲೇ ಇದ್ದರು. ಆ ನಗುವನ್ನು ಇಳಿಸುವುದು ಹೇಗೆಂದು ಅವರಿಗೆ ಮರೆತುಹೋದ ಹಾಗಿತ್ತು.

ದಾಕ್ಷಾಯಣಿ ಹಾಳೆ ಕೆಳಗಿಟ್ಟಳು. “ತಪ್ಪು ನನ್ನದು. ನಮ್ಮ ಕಡೆ ವಾಪಸ್ ಬರೋರು ‘ಹೋಗಿ ಬರ್ತೀವಿ’ ಅಂತಾರೆ. ತಾವು ಬರೋದಿಲ್ಲವಲ್ಲ, ಅದಕ್ಕೆ ಬದಲಾಯಿಸಿದೆ. ತಮಗೆ ಹಳೆ ಪದವೇ ಇರಲಿ ಅನ್ನಿಸಿದರೆ ಕಾರಣ ಹೇಳಿ, ಬರೆದುಕೊಳ್ತೀನಿ.”

ಮಾತು ಮೂರು ಭಾಷೆಯಲ್ಲಿ ಮೂರು ದೇಶಕ್ಕೆ ಹೋಯಿತು. ಕಾರಣ ಹೇಳಬೇಕೆಂದರೆ, ನಾವು ವಾಪಸು ಬರುವವರು ಎನ್ನಬೇಕು. ಜನರಲ್ಲು ಮಂತ್ರಿಯ ಕಡೆ ನೋಡಿದ. ಮಂತ್ರಿ ಜನರಲ್ಲಿನ ಕಡೆ ನೋಡಿದಳು. ಎದುರಿನವರಿಗೂ ಇದು ಮೊದಲಿನಿಂದಲೇ ಗೊತ್ತಿತ್ತು ಎಂಬುದು ಆಗ ಇಬ್ಬರಿಗೂ ಹೊಳೆಯಿತು. ಒಂಬತ್ತು ವರ್ಷದಲ್ಲಿ ಅವರು ಪರಸ್ಪರ ಅರ್ಥ ಮಾಡಿಕೊಂಡದ್ದು ಅದೇ ಮೊದಲು. ಜನರಲ್ಲು ಕೂತ. ಮಂತ್ರಿ, ಕ್ಯಾಮೆರಾ ತನ್ನ ಮೇಲಿದೆಯೆಂದು ಖಚಿತಪಡಿಸಿಕೊಂಡು, ನಿಧಾನವಾಗಿ ಕೂತಳು. ಹನ್ನೆರಡೂವರೆಗೆ ಸಹಿಯಾಯಿತು. ಮೆರುವಾದ ರೇಡಿಯೋದವರು ಆ ಕನ್ನಡ ಪದವನ್ನು ಅನುವಾದ ಮಾಡದೆ ಹಾಗೇ ಓದಿದರಂತೆ. ತೊರಾಲಿನ ಗೋಡೆಗಳ ಮೇಲೆ ಅದನ್ನು ಅವರ ಲಿಪಿಯಲ್ಲಿ ಬರೆದರಂತೆ, ಕಾಗುಣಿತ ತಪ್ಪಾಗಿ.

ಆದರೆ ಲಾರಿಗಳು ಗುರುವಾರ ಹೊರಡಲಿಲ್ಲ. ಹೊಸ ಪದದ ‘ಪಠ್ಯ ಪರಿಶೀಲನೆ’ ಆಗಬೇಕೆಂದು ಎರಡೂ ರಾಜಧಾನಿಗಳು ಹೇಳಿದವು. ಪರಿಶೀಲನೆಗೆ ಹತ್ತೊಂಬತ್ತು ದಿನ ಹಿಡಿಯಿತು. ಹದಿಮೂರನೆಯ ದಿನ ತೊರಾಲಿನಲ್ಲಿ, ಬ್ರೆಡ್ಡಿಗೆ ನಿಂತಿದ್ದ ಸಾಲಿನ ಮೇಲೆ ಒಂದು ಶೆಲ್ ಬಿತ್ತು. ಆರು ಜನ ಸತ್ತರು. ಯಾವ ಗುಡ್ಡದಿಂದ ಬಿತ್ತೆಂದು ಎರಡೂ ಗುಡ್ಡದವರು ಪರಸ್ಪರ ಬೆರಳು ತೋರಿಸಿದರು. ಇಲೇನಳ ತಾಯಿ ಒಳಗೆ ಒಲೆಯ ಹತ್ತಿರ ಇದ್ದಳು, ಉಳಿದಳು. ಇಪ್ಪತ್ತನೆಯ ದಿನ ಎರಡೂ ಗುಡ್ಡಗಳು ಖಾಲಿಯಾಗತೊಡಗಿದವು. ಅರವತ್ತು ದಿನಕ್ಕೆ ಸರಿಯಾಗಿ ಮೆರುವಾದಲ್ಲಿ ಹೊರಗಿನವರು ಯಾರೂ ಉಳಿದಿರಲಿಲ್ಲ, ಕಂಡ ಮಟ್ಟಿಗೆ.

ದೇಶಿಕಾಚಾರ್ಯರಿಗೆ ಪದಕ ಬಂತು. ಭಾಷಣದಲ್ಲಿ ಅವರು, ಸರಿಯಾದ ಪದಕ್ಕಾಗಿ ತಾವು ಪಟ್ಟ ಪಾಡನ್ನು ವಿವರಿಸಿದರು. ಪಾಠಕ ಹುದ್ದೆಯನ್ನು ರದ್ದು ಮಾಡಿದರು, ಮನುಷ್ಯರಿಂದ ತಪ್ಪಾಗುತ್ತದೆ ಎಂಬ ಕಾರಣಕ್ಕೆ. ದಾಕ್ಷಾಯಣಿ ಶಾಲೆಯ ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದಳು. ಇಲೇನ್ ಊರಿಗೆ ಹೊರಟ ದಿನ ಅವಳು, ಆ ಆರು ಜನರಲ್ಲಿ ನಿನಗೆ ಗೊತ್ತಿದ್ದವರು ಇದ್ದರಾ ಎಂದು ಕೇಳಿದಳು. ಇಬ್ಬರು, ಎಂದಳು ಇಲೇನ್. ಆಮೇಲೆ ಬಗ್ಗಿ ಕಾಲು ಮುಟ್ಟಿದಳು. ಅದು ಕ್ಷಮೆಯೋ, ಬರೀ ಇಲ್ಲಿ ಕಲಿತ ಪದ್ಧತಿಯೋ ದಾಕ್ಷಾಯಣಿಗೆ ತಿಳಿಯಲಿಲ್ಲ.

ಹಳೆಯ ಪದ ಹಾಗೇ ಇದ್ದಿದ್ದರೆ ಲಾರಿಗಳು ಗುರುವಾರವೇ ಹೊರಡುತ್ತಿದ್ದವೋ ಇಲ್ಲವೋ, ಗೊತ್ತಿಲ್ಲ. ಹೊರಟಿದ್ದರೆ ಆ ಆರು ಜನ ಉಳಿಯುತ್ತಿದ್ದರು, ಆದರೆ ಎರಡು ತಿಂಗಳಾದ ಮೇಲೆ ಹೆಸರಿನ ಪಟ್ಟಿ ಹಿಡಿದು ಬರುವವರಿಗೆ ಎಷ್ಟು ಜನ ಸಿಗುತ್ತಿದ್ದರು, ಅದೂ ಗೊತ್ತಿಲ್ಲ. ತೊಲಗಿದವರು ಈವರೆಗೆ ಬಂದಿಲ್ಲ. ಪದದಿಂದಾಗಿಯೋ, ಅವರಿಗೆ ಬೇರೆಲ್ಲೋ ರಿಪೇರಿಗೆ ರಸ್ತೆ ಸಿಕ್ಕಿದ್ದರಿಂದಲೋ, ಹೇಳಬಲ್ಲವರು ಯಾರೂ ಇಲ್ಲ.